ಗೋದಲಿ ಪಕ್ಕದ ಎತ್ತು, ಕತ್ತೆ ಎಲ್ಲಿಂದ ಬಂದವು?

ಪ್ರಶ್ನೆ: ಡಿಸೆಂಬರ್ ಬಂದರೆ ನಮ್ಮ ಚರ್ಚಿನಲ್ಲಿ ಗೋದಲಿ ಕಟ್ಟುತ್ತೇವೆ. ಬಾಲಯೇಸುವಿನ ಪಕ್ಕ ಒಂದು ಎತ್ತು, ಒಂದು ಕತ್ತೆ ಇಡುತ್ತೇವೆ. ಈ ಸಲ ನನ್ನ ಮಗಳು ಸಂಡೆ ಸ್ಕೂಲಿನಿಂದ ಬಂದವಳೇ, 'ಅಮ್ಮ, ಬೈಬಲಿನಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ' ಅಂದಳು. ಯೇಸು ಹುಟ್ಟಿದ ಕತೆ ಇರುವ ಮತ್ತಾಯ, ಲೂಕ ಸುವಾರ್ತೆ ಎರಡನ್ನೂ ತೆಗೆದು ನೋಡಿದೆ. ನಿಜಕ್ಕೂ ಇಲ್ಲ. ಆದರೆ ಯುರೋಪಿನ ಹಳೆಯ ಚಿತ್ರಗಳಲ್ಲಿ ಎಲ್ಲಿ ನೋಡಿದರೂ ಇವೆ. ಆ ಕಾಲದ ಕಲಾವಿದರು ಸುಮ್ನೆ ಕಲ್ಪಿಸಿಕೊಂಡು ಬರೆದರಾ? ಹಾಗಿದ್ದರೆ ನಾವು ಅವನ್ನು ತೆಗೆದುಬಿಡಬೇಕಾ?

ಉತ್ತರ: ನಿಮ್ಮ ಮಗಳು ಸರಿಯಾಗಿಯೇ ಓದಿದ್ದಾಳೆ. ಲೂಕನ 2ನೇ ಅಧ್ಯಾಯದಲ್ಲಿ ಇರುವುದು ಇಷ್ಟೇ: ಮಗುವನ್ನು ಬಟ್ಟೆಯಲ್ಲಿ ಸುತ್ತಿದರು, ಗೋದಲಿಯಲ್ಲಿ, ಅಂದರೆ ದನಗಳಿಗೆ ಮೇವು ಹಾಕುವ ತೊಟ್ಟಿಯಲ್ಲಿ ಮಲಗಿಸಿದರು, ಛತ್ರದಲ್ಲಿ ಜಾಗ ಇರಲಿಲ್ಲ. ಮತ್ತಾಯನಲ್ಲಿ ಗೋದಲಿಯೂ ಇಲ್ಲ, ಬರೀ ಮನೆ ಎಂದಿದೆ. ಗೋದಲಿ ಅಂದ ಮೇಲೆ ದನ ಇರಲೇಬೇಕಲ್ಲ ಎಂದು ಊಹಿಸಬಹುದು. ಆದರೆ ಕತ್ತೆ ಯಾಕೆ? ಕತೆಯಲ್ಲಿ ಕುರುಬರು ಬರುತ್ತಾರೆ, ಕುರಿ ಇದ್ದರೆ ಸಹಜ ಅನ್ನಿಸುತ್ತಿತ್ತು. ಅದು ಬಿಟ್ಟು ನೂರಾರು ವರ್ಷ, ಬೇರೆ ಬೇರೆ ದೇಶಗಳಲ್ಲಿ, ಯಾವಾಗಲೂ ಒಂದೇ ಎತ್ತು, ಒಂದೇ ಕತ್ತೆ. ಊಹೆಯಿಂದ ಬರೆದವರು ಇಷ್ಟು ಒಂದೇ ಥರ ಬರೆಯುವುದಿಲ್ಲ.

ಮಗಳಿಗೆ ಹೇಳಿ, ಎತ್ತು ಕತ್ತೆ ಬೈಬಲಿನಲ್ಲಿ ಇವೆ. ಅವಳು ಹುಡುಕಿದ ಪುಟದಲ್ಲಿ ಇಲ್ಲ, ಅಷ್ಟೆ.

ಯೆಶಾಯನ ಪುಸ್ತಕ ತೆಗೆಯಿರಿ. ಮೊದಲನೇ ಅಧ್ಯಾಯ, ಮೂರನೇ ವಚನ. ಯೇಸು ಹುಟ್ಟುವುದಕ್ಕೆ ಏಳುನೂರಕ್ಕೂ ಹೆಚ್ಚು ವರ್ಷ ಹಿಂದೆ ಬದುಕಿದ್ದ ಪ್ರವಾದಿ ತನ್ನ ಜನರನ್ನು ಗದರುತ್ತಿದ್ದಾನೆ. ಎತ್ತಿಗೆ ತನ್ನ ಒಡೆಯ ಯಾರೆಂದು ಗೊತ್ತು, ಕತ್ತೆಗೆ ತನ್ನ ಯಜಮಾನನ ಗೋದಲಿ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ ಎಂಬುದು ಆ ಮಾತಿನ ಅರ್ಥ. ಮೊದಲ ಶತಮಾನಗಳ ಕ್ರೈಸ್ತರು ಹಳೆಯ ಒಡಂಬಡಿಕೆಯನ್ನು ಗ್ರೀಕ್ ಅನುವಾದದಲ್ಲಿ ಓದುತ್ತಿದ್ದರು. ಅದರಲ್ಲಿ ಯೆಶಾಯ ಗೋದಲಿಗೆ ಬಳಸಿದ ಪದ 'ಫಾತ್ನೆ'. ಲೂಕ ಮಗುವನ್ನು ಮಲಗಿಸಿದ ಜಾಗಕ್ಕೆ ಬಳಸಿದ ಪದವೂ ಅದೇ. ಯೆಶಾಯನನ್ನು ಬಾಯಿಪಾಠ ಮಾಡಿಕೊಂಡಿದ್ದವರ ಕಿವಿಗೆ ಲೂಕನ 'ಗೋದಲಿ' ಬಿದ್ದ ಕೂಡಲೇ ಎತ್ತೂ ಕತ್ತೆಯೂ ತಾವಾಗಿಯೇ ನೆನಪಿಗೆ ಬರುತ್ತಿದ್ದವು. ಒಂದು ಪದ ಎರಡು ಪುಸ್ತಕಗಳಿಗೆ ಗಂಟು ಹಾಕಿತು.

ಈ ಗಂಟು ತುಂಬಾ ಹಳೆಯದು. ಮಿಲಾನಿನ ಸಂತ ಆಂಬ್ರೋಸರ ಚರ್ಚಿನಲ್ಲಿ ನಾಲ್ಕನೇ ಶತಮಾನದ ಒಂದು ಕಲ್ಲಿನ ಶವಪೆಟ್ಟಿಗೆ ಇದೆ. ಅದರ ಮುಚ್ಚಳದ ತುದಿಯಲ್ಲಿ ಬಟ್ಟೆ ಸುತ್ತಿದ ಮಗು, ಒಂದು ಕಡೆ ಎತ್ತು, ಇನ್ನೊಂದು ಕಡೆ ಕತ್ತೆ. ತಾಯಿ ಇಲ್ಲ, ಯೋಸೇಫ ಇಲ್ಲ. ತಾಯಿಯನ್ನೇ ಬಿಟ್ಟು ಪ್ರಾಣಿಗಳನ್ನು ಉಳಿಸಿಕೊಂಡಿದ್ದಾರೆ ಅಂದರೆ, ಆ ಎರಡು ಪ್ರಾಣಿಗಳು ಅಲಂಕಾರಕ್ಕೆ ಇದ್ದವಲ್ಲ ಅಂತಾಯಿತು. 'ಈ ಮಗುವೇ ಒಡೆಯ' ಎಂಬ ವಾಕ್ಯವನ್ನು ಹೇಳುವುದೇ ಅವು.

ಹಬಕ್ಕೂಕ ಎಂಬ ಇನ್ನೊಬ್ಬ ಪ್ರವಾದಿಯ ಒಂದು ವಚನವೂ ಇದಕ್ಕೆ ಸೇರಿಕೊಂಡಿತು. 3ನೇ ಅಧ್ಯಾಯದ 2ನೇ ವಚನದ ಗ್ರೀಕ್ ಅನುವಾದದಲ್ಲಿ 'ಎರಡು ಜೀವಿಗಳ ನಡುವೆ ನೀನು ತಿಳಿದುಬರುವಿ' ಎಂಬ ಅರ್ಥ ಬರುತ್ತದೆ. ನಿಮ್ಮ ಕನ್ನಡ ಬೈಬಲಿನಲ್ಲಿ ಇದನ್ನು ಹುಡುಕಬೇಡಿ, ಸಿಗುವುದಿಲ್ಲ. ನಮ್ಮ ಅನುವಾದ ಹೀಬ್ರೂ ಪಾಠವನ್ನು ಹಿಡಿದದ್ದು, ಅಲ್ಲಿ ಜೀವಿಗಳ ಮಾತಿಲ್ಲ, ವರ್ಷಗಳ ಮಾತಿದೆ. ಹಳೆಯ ಚಿತ್ರಗಳನ್ನು ನೋಡುವಾಗ ಈ ತೊಂದರೆ ಮತ್ತೆ ಮತ್ತೆ ಎದುರಾಗುತ್ತದೆ. ಕಲಾವಿದನ ಬೈಬಲ್ ನಮ್ಮ ಬೈಬಲ್ ಅಲ್ಲ. ಪಶ್ಚಿಮ ಯುರೋಪಿನಲ್ಲಿ ಅವನ ಕಾಲದಲ್ಲಿ ಚಾಲ್ತಿಯಲ್ಲಿದ್ದದ್ದು ಸಂತ ಜೆರೋಮರ ಲ್ಯಾಟಿನ್ ಅನುವಾದ.

ಮೋಶೆಯ ಕೊಂಬು ಇದಕ್ಕೆ ಒಳ್ಳೆಯ ಸಾಕ್ಷಿ. ಬೆಟ್ಟದಿಂದ ಇಳಿದು ಬಂದಾಗ ಮೋಶೆಯ ಮುಖ ಹೊಳೆಯುತ್ತಿತ್ತು ಎಂದು ನಾವು ವಿಮೋಚನಕಾಂಡ 34ರಲ್ಲಿ ಓದುತ್ತೇವೆ. ಅಲ್ಲಿನ ಹೀಬ್ರೂ ಕ್ರಿಯಾಪದ 'ಕೊಂಬು' ಎಂಬ ಪದದ ಬೇರಿನಿಂದ ಬಂದದ್ದು. ಜೆರೋಮರು ಆ ಬೇರನ್ನೇ ಹಿಡಿದು 'ಕೊಂಬುಳ್ಳ ಮುಖ' ಎಂದು ಬರೆದರು. ಹನ್ನೊಂದನೇ ಶತಮಾನದ ಇಂಗ್ಲೆಂಡಿನ ಒಂದು ಹಸ್ತಪ್ರತಿಯ ಚಿತ್ರಗಳಲ್ಲಿ ಮೋಶೆಗೆ ಕೊಂಬು ಬಂತು. ಆಮೇಲೆ ಐದು ಶತಮಾನ ಉಳಿಯಿತು. ಮೈಕೆಲಾಂಜೆಲೊ ಕೆತ್ತಿದ ಮೋಶೆಗೂ ಇದೆ. ಅದನ್ನು ಶಿಲ್ಪಿಯ ಹುಚ್ಚಾಟ ಅನ್ನುವವರು ಇದ್ದಾರೆ. ಅವನು ತನ್ನ ಮುಂದಿದ್ದ ಬೈಬಲಿನ ಮಾತನ್ನು ಅಕ್ಷರಶಃ ಪಾಲಿಸಿದ್ದಾನೆ.

ಹಳೆಯ ಪುಸ್ತಕದ ಮಾತನ್ನು ಹೊಸ ಪುಸ್ತಕದ ಘಟನೆಗೆ ಹೀಗೆ ಹೊಂದಿಸುವ ಧೈರ್ಯ ಎಲ್ಲಿಂದ ಬಂತು ಅಂತ ನೀವು ಕೇಳಬಹುದು. ಸುವಾರ್ತೆಗಳಿಂದಲೇ. ಯೋನ ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದದ್ದನ್ನು ಯೇಸು ತನ್ನ ಸಾವು ಮತ್ತು ಪುನರುತ್ಥಾನಕ್ಕೆ ಹೋಲಿಸುತ್ತಾನೆ (ಮತ್ತಾಯ 12:40). ಮೋಶೆ ಅಡವಿಯಲ್ಲಿ ಎತ್ತಿ ನಿಲ್ಲಿಸಿದ ಸರ್ಪವನ್ನು ತನ್ನ ಶಿಲುಬೆಗೆ ಹೋಲಿಸುತ್ತಾನೆ (ಯೋಹಾನ 3:14). ಗುರುವೇ ಹೀಗೆ ಓದಿದ ಮೇಲೆ ಶಿಷ್ಯರು ಸುಮ್ಮನಿರುತ್ತಾರೆಯೇ? ಮಧ್ಯಯುಗದ ಹೊತ್ತಿಗೆ ಹಳೆಯ ಒಡಂಬಡಿಕೆಯ ಬಹುಪಾಲು ಕತೆಗಳಿಗೆ ಹೊಸ ಒಡಂಬಡಿಕೆಯಲ್ಲಿ ಜೋಡಿ ಸಿಕ್ಕಿತ್ತು. 'ಬಡವರ ಬೈಬಲ್' ಎಂದು ಕರೆಯುವ ಚಿತ್ರಪುಸ್ತಕಗಳಲ್ಲಿ ಈ ಜೋಡಿಗಳನ್ನು ಪುಟಪುಟವಾಗಿ ಹಾಕಿದ್ದಾರೆ. ನಡುವೆ ಯೇಸುವಿನ ಬದುಕಿನ ಒಂದು ಘಟನೆ, ಎಡಬಲದಲ್ಲಿ ಹಳೆಯ ಒಡಂಬಡಿಕೆಯ ಎರಡು ಕತೆಗಳು, ಮೇಲೆ ಕೆಳಗೆ ಪ್ರವಾದಿಗಳು ತಮ್ಮ ತಮ್ಮ ವಚನದ ಸುರುಳಿ ಹಿಡಿದುಕೊಂಡು. ಕ್ರಿಸ್ತಜನನದ ಪುಟದಲ್ಲಿ ಒಂದು ಕಡೆ ಮೋಶೆ ಕಂಡ ಉರಿಯುವ ಪೊದೆ, ಇನ್ನೊಂದು ಕಡೆ ಚಿಗುರಿದ ಆರೋನನ ಕೋಲು. ಬೆಂಕಿ ಹೊತ್ತರೂ ಸುಡದ ಪೊದೆ, ನೀರಿಲ್ಲದೆ ಚಿಗುರಿದ ಕೋಲು. ಎರಡೂ ಕನ್ಯೆ ತಾಯಿಯಾದ ಮಾತನ್ನೇ ಹೇಳುತ್ತವೆ. ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಊರಿನ ಮುಖ್ಯ ಚರ್ಚಿನಲ್ಲಿ ನಿಕೊಲಾ ಫ್ರೊಮಾಂ 1476ರಲ್ಲಿ ಮುಗಿಸಿದ ಚಿತ್ರದಲ್ಲಿ ಮರಿಯಳು ಮಗುವನ್ನು ಎತ್ತಿಕೊಂಡು ಆ ಉರಿಯುವ ಪೊದೆಯ ಮೇಲೆಯೇ ಕೂತಿದ್ದಾಳೆ. ಕೆಳಗೆ ಮೋಶೆ ಚಪ್ಪಲಿ ಕಳಚುತ್ತಿದ್ದಾನೆ. ಗೊತ್ತಿಲ್ಲದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ, ಗೊತ್ತಿದ್ದವರು ವಿಮೋಚನಕಾಂಡ 3ನ್ನೂ ಲೂಕನನ್ನೂ ಒಟ್ಟಿಗೆ ಓದುತ್ತಾರೆ.

ಈಗ ನಿಮ್ಮ ಗೋದಲಿಯ ಮೂವರು ರಾಜರ ಕಡೆ ಬರೋಣ. ಅವರನ್ನೂ ಮಗಳು ಇವತ್ತಲ್ಲ ನಾಳೆ ಪ್ರಶ್ನಿಸುತ್ತಾಳೆ. ಮತ್ತಾಯನಲ್ಲಿ ಅವರು ಮೂಡಣ ದೇಶದ ಜೋಯಿಸರು. ರಾಜರಲ್ಲ. ಮೂವರು ಎಂದೂ ಹೇಳಿಲ್ಲ, ಕಾಣಿಕೆಗಳು ಮಾತ್ರ ಮೂರು. ಒಂಟೆಗಳೂ ಇಲ್ಲ. ರಾಜರು ಬಂದದ್ದು 72ನೇ ಕೀರ್ತನೆಯಿಂದ, ಅಲ್ಲಿ ದೂರದ ಅರಸರು ಕಾಣಿಕೆ ತಂದು ಅಡ್ಡಬೀಳುತ್ತಾರೆ. ಒಂಟೆಗಳು ಬಂದದ್ದು ಯೆಶಾಯ 60ರಿಂದ, ಅಲ್ಲಿ ಅವು ಹಿಂಡುಹಿಂಡಾಗಿ ಬರುತ್ತವೆ, ಜೊತೆಗೆ ಚಿನ್ನ, ಧೂಪ. ಪಾದುವಾದ ಅರೇನಾ ಪ್ರಾರ್ಥನಾಲಯದಲ್ಲಿ ಜೊತ್ತೊ 1305ರ ಆಸುಪಾಸಿನಲ್ಲಿ ಬರೆದ ಗೋಡೆಚಿತ್ರ ನೋಡಿ. ಎಡಗಡೆ ಒಂಟೆಗಳು ಕತ್ತೆತ್ತಿ ನಿಂತಿವೆ, ಅವುಗಳ ಕಣ್ಣು ನೀಲಿ! ಜೊತ್ತೊ ನಿಜವಾದ ಒಂಟೆಯನ್ನು ಹತ್ತಿರದಿಂದ ನೋಡಿರಲಾರ ಅನ್ನಿಸುತ್ತದೆ. ಆದರೂ ಒಂಟೆ ಬಿಡುವ ಹಾಗಿರಲಿಲ್ಲ, ಪ್ರವಾದಿ ಹೇಳಿಬಿಟ್ಟಿದ್ದಾನಲ್ಲ.

ಇದೆಲ್ಲ ಪಂಡಿತರಿಗೆ ಮಾತ್ರ ಗೊತ್ತಿದ್ದ ಗುಟ್ಟು ಅಂದುಕೊಳ್ಳಬೇಡಿ. ಜೋಯಿಸರ ಹಬ್ಬದ ಪೂಜೆಯಲ್ಲಿ ಯೆಶಾಯ 60ನ್ನೂ ಮತ್ತಾಯ 2ನ್ನೂ ಒಂದರ ಹಿಂದೆ ಒಂದು ಓದುತ್ತಿದ್ದರು, ಅದೇ ಪೂಜೆಯಲ್ಲಿ ಆ ಕೀರ್ತನೆಯ ಸಾಲುಗಳನ್ನೂ ಹಾಡುತ್ತಿದ್ದರು. ಓದು ಬಾರದವರಿಗೂ ವರ್ಷ ವರ್ಷ ಕೇಳಿ ಕೇಳಿ ಮೂರೂ ಒಂದೇ ಕತೆಯಾಗಿ ಕೂಡಿಹೋಗಿತ್ತು. ನೀವು ಕಥೋಲಿಕರಾಗಿದ್ದರೆ ಜನವರಿಯಲ್ಲಿ ನಿಮ್ಮ ಚರ್ಚಿನಲ್ಲೂ ಕಿವಿಗೊಟ್ಟು ಕೇಳಿ. ಕನ್ನಡದಲ್ಲಿ ಇವತ್ತಿಗೂ ಆ ಹಬ್ಬಕ್ಕೆ ಅದೇ ಮೂರು ಪಾಠಗಳು.

ಕಲಾವಿದನಿಗೆ ಇದನ್ನೆಲ್ಲ ಹೇಳಿಕೊಡುತ್ತಿದ್ದವರು ಯಾರು? ಬಹಳ ಕಡೆ ನಮಗೆ ದಾಖಲೆ ಸಿಗುವುದಿಲ್ಲ. ಬೆಲ್ಜಿಯಮ್ಮಿನ ಲ್ಯೂವೆನ್ ಊರಿನಲ್ಲಿ ಸಿಕ್ಕಿದೆ. ಅಲ್ಲಿನ ಸಂತ ಪೇತ್ರರ ಚರ್ಚಿನಲ್ಲಿ ಪರಮಪ್ರಸಾದದ, ಅಂದರೆ ಪೂಜೆಯ ಪವಿತ್ರ ರೊಟ್ಟಿ ದ್ರಾಕ್ಷಾರಸದ, ಭಕ್ತಮಂಡಳಿ ಒಂದಿತ್ತು. 1464ರಲ್ಲಿ ಆ ಮಂಡಳಿ ದೀರಿಕ್ ಬೌಟ್ಸ್ ಎಂಬ ಚಿತ್ರಕಾರನ ಜೊತೆ ಕರಾರು ಮಾಡಿಕೊಂಡಿತು. ಯಾವ ಯಾವ ಕತೆ ಬರೆಯಬೇಕು ಎಂದು ಕರಾರಿನಲ್ಲೇ ಇದೆ. ಮುಖ್ಯವಾದ ಮಾತು ಇನ್ನೊಂದಿದೆ. ದೈವಶಾಸ್ತ್ರದ ಇಬ್ಬರು ಪ್ರಾಧ್ಯಾಪಕರ ಹೆಸರು ಹಾಕಿ, ಅವರು ಹೇಳಿದ ಹಾಗೆ ಬರೆಯಬೇಕು ಎಂದು ಷರತ್ತು ಹಾಕಿದ್ದಾರೆ. ಈ ಕೆಲಸ ಮುಗಿಯುವ ತನಕ ಇಂಥ ಬೇರೆ ಕೆಲಸ ಒಪ್ಪಿಕೊಳ್ಳಬಾರದು ಎಂತಲೂ ಇದೆ. ನನ್ನ ವಿದ್ಯಾರ್ಥಿಗಳಿಗೆ ಮೊದಲು ತೋರಿಸುವ ಚಿತ್ರ ಇದು. ಮಧ್ಯಯುಗದ ಕಲಾವಿದ ತನಗೆ ತೋಚಿದ್ದನ್ನು ಬರೆಯುತ್ತಿದ್ದ ಎಂಬ ಭ್ರಮೆ ಆ ಕರಾರಿನ ಮಾತು ಕೇಳಿದರೆ ಹೋಗಿಬಿಡುತ್ತದೆ.

ಚಿತ್ರ ಇವತ್ತೂ ಅದೇ ಚರ್ಚಿನಲ್ಲಿದೆ. ರೆಕ್ಕೆಗಳ, ಅಂದರೆ ಎರಡು ಪಕ್ಕದ, ಹಲಗೆಗಳು ಮಾರಾಟವಾಗಿ ಜರ್ಮನಿ ಸೇರಿದ್ದವು, ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದದ ಪ್ರಕಾರ ವಾಪಸ್ ಬಂದವು. ನಡುವಿನ ಹಲಗೆಯಲ್ಲಿ ಕಡೆಯ ಭೋಜನ. ಸಾಮಾನ್ಯವಾಗಿ ಈ ದೃಶ್ಯದಲ್ಲಿ 'ನಿಮ್ಮಲ್ಲೊಬ್ಬ ನನ್ನನ್ನು ಹಿಡಿದುಕೊಡುವನು' ಎಂದ ಗಳಿಗೆಯನ್ನು ಬರೆಯುತ್ತಾರೆ. ಬೌಟ್ಸ್ ಹಾಗೆ ಮಾಡಿಲ್ಲ. ಯೇಸು ರೊಟ್ಟಿಯನ್ನು ಕೈಯಲ್ಲಿ ಹಿಡಿದು ಆಶೀರ್ವದಿಸುತ್ತಿದ್ದಾನೆ, ಮುಂದೆ ಪಾನಪಾತ್ರೆ. ಪರಮಪ್ರಸಾದದ ಮಂಡಳಿಗೆ ಬೇಕಿದ್ದ ಗಳಿಗೆ ಅದೇ ಅಲ್ವಾ. ಎಡಬಲದಲ್ಲಿ ನಾಲ್ಕು ಹಲಗೆ, ನಾಲ್ಕೂ ಊಟದ ಕತೆಗಳು. ಅಬ್ರಹಾಮನಿಗೆ ರೊಟ್ಟಿ, ದ್ರಾಕ್ಷಾರಸ ತಂದ ಮೆಲ್ಕಿಚೆದೆಕ. ಅಡವಿಯಲ್ಲಿ ದೇವರು ಕಳಿಸಿದ ಆಹಾರವಾದ ಮನ್ನ ಆಯ್ದುಕೊಳ್ಳುವ ಜನ. ಸೋತು ಮಲಗಿದ ಎಲೀಯನನ್ನು ಎಬ್ಬಿಸಿ ಉಣ್ಣು ಎನ್ನುವ ದೇವದೂತ. ಮತ್ತೆ ಇಸ್ರಾಯೇಲರು ಐಗುಪ್ತ ಬಿಟ್ಟ ರಾತ್ರಿಯ ಪಸ್ಕದ ಊಟ.

ಈ ಪಸ್ಕದ ಹಲಗೆಯನ್ನು ಒಂದು ಕ್ಷಣ ಹತ್ತಿರದಿಂದ ನೋಡಿ. ಸಣ್ಣ ಕೋಣೆ. ಮೇಜಿನ ಮೇಲೆ ತಟ್ಟೆಯಲ್ಲಿ ಇಡಿಯಾಗಿ ಸುಟ್ಟ ಕುರಿಮರಿ, ಜೊತೆಗೆ ರೊಟ್ಟಿ, ಸೊಪ್ಪು. ಮನೆಯವರು ಯಾರೂ ಕೂತಿಲ್ಲ. ಎಲ್ಲರೂ ನಿಂತಿದ್ದಾರೆ, ಕೈಯಲ್ಲಿ ಕೋಲು. ಊಟಕ್ಕೆ ನಿಂತವರು ಕೋಲು ಯಾಕೆ ಹಿಡಿದಿದ್ದಾರೆ? ವಿಮೋಚನಕಾಂಡ 12:11 ಓದಿ. ನಡುಕಟ್ಟಿಕೊಂಡು, ಕೆರ ಮೆಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ಅವಸರದಿಂದ ತಿನ್ನಬೇಕು ಎಂದಿದೆ. ಅದೇ ರಾತ್ರಿ ಐಗುಪ್ತ ಬಿಟ್ಟು ಹೊರಡಬೇಕಿತ್ತು. ಸೊಪ್ಪೂ ಸುಮ್ನೆ ಬಂದದ್ದಲ್ಲ. ಕಹಿಸೊಪ್ಪಿನ ಜೊತೆ ತಿನ್ನಿ ಎಂಬ ಮಾತು ಅದೇ ಅಧ್ಯಾಯದ 8ನೇ ವಚನದಲ್ಲಿದೆ. ಬಟ್ಟೆಬರೆ, ಕೋಣೆ ಎಲ್ಲ ಹದಿನೈದನೇ ಶತಮಾನದ ಕಣ್ಣಿನವು, ಆದರೆ ಮೇಜಿನ ಮೇಲೆ ಇರುವುದನ್ನು ಮೋಶೆಯ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಎಣಿಸಬಹುದು.

ಇನ್ನೊಂದು ಚಿತ್ರವನ್ನು ಹೇಳದೆ ಇರಲಾರೆ. ಯಾನ್ ವಾನ್ ಐಕ್ 1434-36ರ ಸುಮಾರಿಗೆ ಬರೆದ ಮಂಗಳವಾರ್ತೆಯ ಚಿತ್ರ, ಅಂದರೆ ಯೇಸು ಹುಟ್ಟುವನೆಂದು ದೇವದೂತ ಗಬ್ರಿಯೇಲ ಮರಿಯಳಿಗೆ ತಿಳಿಸುವ ಗಳಿಗೆ. ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿದೆ. ಅಗಲ ಒಂದು ಗೇಣು ಚಿಲ್ಲರೆ, ಎತ್ತರ ಒಂದು ಮೀಟರಿಗೂ ಕಡಿಮೆ. ಗ್ಯಾಲರಿಯ ಜಾಲತಾಣದಲ್ಲಿ ದೊಡ್ಡದು ಮಾಡಿ ನೋಡಬಹುದು, ದಯವಿಟ್ಟು ನೋಡಿ. ಗಬ್ರಿಯೇಲನ ಬಾಯಿಯಿಂದ ಬಂಗಾರದ ಅಕ್ಷರ ಹೊರಟಿವೆ, 'ಕೃಪಾಪೂರ್ಣಳೇ, ನಮಸ್ಕಾರ' ಎಂಬ ಲ್ಯಾಟಿನ್ ಮಾತು. ಮರಿಯಳ ಉತ್ತರವೂ ಇದೆ, 'ಇಗೋ, ನಾನು ಕರ್ತನ ದಾಸಿ'. ಆದರೆ ಆ ಅಕ್ಷರಗಳು ತಲೆಕೆಳಗಾಗಿವೆ. ಉತ್ತರ ನಮಗೆ ಕೊಟ್ಟದ್ದಲ್ಲ. ಮೇಲಿನಿಂದ ನೋಡುವ ದೇವರಿಗೆ ನೆಟ್ಟಗೆ ಕಾಣಲಿ ಎಂದು ಹಾಗೆ ಬರೆದಿದ್ದಾನೆ. ಅದನ್ನು ಮೊದಲ ಸಲ ಗಮನಿಸಿದ ದಿನ ನನಗೆ ಮಾತೇ ಹೊರಡಲಿಲ್ಲ.

ಮೇಲಿನ ಕಿಟಕಿಯಿಂದ ಪಾರಿವಾಳ ಇಳಿಯುತ್ತಿದೆ, ಬೆಳಕಿನ ಗೆರೆಗಳು ಏಳು. ಯೆಶಾಯ 11ರಲ್ಲಿ ಹೇಳಿದ ಆತ್ಮದ ವರಗಳು ಲ್ಯಾಟಿನ್ ಬೈಬಲಿನ ಲೆಕ್ಕದಲ್ಲಿ ಏಳು. ಗೋಡೆಯ ಮೇಲ್ಭಾಗದಲ್ಲಿ ಮಸುಕಾದ ಎರಡು ಚಿತ್ರಗಳಿವೆ. ಒಂದರಲ್ಲಿ ಫರೋಹನ ಮಗಳಿಗೆ ಸಿಕ್ಕ ಕೂಸು ಮೋಶೆ, ಇನ್ನೊಂದರಲ್ಲಿ ಆಜ್ಞೆಗಳನ್ನು ಪಡೆಯುವ ಮೋಶೆ. ಈಗ ಕಣ್ಣನ್ನು ನೆಲಕ್ಕೆ ಇಳಿಸಿ. ಹಾಸುಗಲ್ಲುಗಳ ಮೇಲೂ ಕತೆಗಳಿವೆ. ಸಂಸೋನ ಕಂಬ ಕೆಡವಿ ಫಿಲಿಷ್ಟಿಯರ ಗುಡಿಯನ್ನು ಬೀಳಿಸುತ್ತಿದ್ದಾನೆ, ತಾನೂ ಸಾಯುತ್ತಾನೆ. ದಾವೀದ ಗೊಲ್ಯಾತನ ತಲೆ ಕಡಿಯುತ್ತಿದ್ದಾನೆ. ಸತ್ತು ಗೆದ್ದವನು ಒಬ್ಬ, ಶತ್ರುವನ್ನು ಕೊಂದು ಗೆದ್ದವನು ಇನ್ನೊಬ್ಬ. ಹುಟ್ಟಲಿರುವ ಮಗು ಏನು ಮಾಡಲಿದೆ ಎಂಬುದು ತಾಯಿಯ ಕಾಲಡಿಯಲ್ಲೇ ಬರೆದಿದೆ. ಹಳೆಯ ಒಡಂಬಡಿಕೆ ನೆಲ, ಅದರ ಮೇಲೆ ಹೊಸದು ನಿಂತಿದೆ.

ಹಾಗಂತ ಎಲ್ಲವೂ ಧರ್ಮಗ್ರಂಥದಿಂದಲೇ ಬಂದದ್ದಲ್ಲ. ಬೈಬಲಿಗೆ ಸೇರದ ಹಳೆಯ ಕತೆಪುಸ್ತಕಗಳೂ ಇದ್ದವು. ಯಾಕೋಬನ ಹೆಸರಿನಲ್ಲಿರುವ ಎರಡನೇ ಶತಮಾನದ ಒಂದು ಕತೆಯಲ್ಲಿ ಯೇಸು ಹುಟ್ಟಿದ್ದು ಗವಿಯಲ್ಲಿ, ಅಲ್ಲಿ ಸೂಲಗಿತ್ತಿಯೂ ಬರುತ್ತಾಳೆ. ಪೂರ್ವದ ಚರ್ಚುಗಳ ಚಿತ್ರಗಳಲ್ಲಿ ಗವಿ ಇರುವುದು, ಮಗುವಿಗೆ ನೀರು ಹಾಕುವ ಹೆಂಗಸರು ಇರುವುದು ಇದರಿಂದ. ಮತ್ತಾಯನ ಹೆಸರಿನಲ್ಲಿ ಆಮೇಲೆ ಹುಟ್ಟಿದ ಇನ್ನೊಂದು ಲ್ಯಾಟಿನ್ ಕತೆ ನಿಮ್ಮ ಎತ್ತು ಕತ್ತೆಯನ್ನು ನೇರವಾಗಿ ಹೆಸರಿಸುತ್ತದೆ. ಮರಿಯಳು ಮೂರನೇ ದಿನ ಗವಿಯಿಂದ ಕೊಟ್ಟಿಗೆಗೆ ಬಂದು ಮಗುವನ್ನು ಗೋದಲಿಯಲ್ಲಿ ಮಲಗಿಸಿದಾಗ ಅವೆರಡೂ ಮಗುವಿಗೆ ನಮಿಸಿದವು ಎನ್ನುತ್ತದೆ. ಅಷ್ಟು ಹೇಳಿ ಸುಮ್ಮನಾಗುವುದಿಲ್ಲ, ಯೆಶಾಯ ಮತ್ತು ಹಬಕ್ಕೂಕರ ಮಾತು ಹೀಗೆ ನೆರವೇರಿತು ಎಂದು ಸೇರಿಸುತ್ತದೆ. ಕಟ್ಟುಕತೆ ಬರೆದವರಿಗೂ ವಚನದ ಆಧಾರ ಬೇಕಿತ್ತು. ಇನ್ನು 1372ರಲ್ಲಿ ಬೆತ್ಲೆಹೇಮಿಗೆ ಹೋದ ಸ್ವೀಡನ್ನಿನ ಸಂತ ಬ್ರಿಜಿಟ್ ತಮಗೆ ಕಂಡ ದರ್ಶನವನ್ನು ಹೇಳಿದ ಮೇಲೆ, ಮಲಗಿರುತ್ತಿದ್ದ ಮರಿಯಳು ಚಿತ್ರಗಳಲ್ಲಿ ಮೊಣಕಾಲೂರಿದಳು, ಮಗು ನೆಲದ ಮೇಲೆ ಬೆಳಕು ಬೀರತೊಡಗಿತು, ಯೋಸೇಫನ ಕೈಯ ಮೋಂಬತ್ತಿ ಅದರ ಮುಂದೆ ಮಂಕಾಯಿತು. ಇದು ಯಾವ ಸುವಾರ್ತೆಯಲ್ಲೂ ಇಲ್ಲ.

ಒಂದು ಕಹಿ ಮಾತನ್ನೂ ಮುಚ್ಚಿಡಬಾರದು. ಯೆಶಾಯ ತನ್ನವರನ್ನು ತಾನೇ ಬೈದದ್ದು, ಮನೆಯ ಹಿರಿಯ ಮನೆಯವರನ್ನು ಗದರಿದ ಹಾಗೆ. ಕ್ರೈಸ್ತ ವ್ಯಾಖ್ಯಾನಕಾರರು ಆ ಮಾತನ್ನು ಹೊರಗಿನಿಂದ ಯಹೂದಿಗಳ ಮೇಲೆ ಎಸೆದರು, ಒಡೆಯನನ್ನು ಗುರುತಿಸದವರು ಇವರು ಎಂದು. ಮಧ್ಯಯುಗದಲ್ಲಿ ಯಹೂದಿಗಳು ಪಟ್ಟ ಪಾಡಿಗೆ ಇಂಥ ಓದುಗಳೂ ಕಾರಣವಾದವು. ಇನ್ನೂ ಕೆಲವರು ಅದೇ ಪ್ರಾಣಿಗಳನ್ನು ಮೃದುವಾಗಿ ಓದಿದರು. ಧರ್ಮಶಾಸ್ತ್ರದ ನೊಗ ಹೊತ್ತ ಎತ್ತು ಯಹೂದಿಗಳು, ಕತ್ತೆ ಅನ್ಯಜನರು, ಇಬ್ಬರಿಗೂ ನಡುವೆ ಒಂದೇ ಗೋದಲಿ ಎಂದರು. ನನಗೆ ಹಿಡಿಸುವುದು ಈ ಎರಡನೇ ಓದು.

ಇನ್ನೊಂದು ಎಚ್ಚರಿಕೆ. ಇದನ್ನೆಲ್ಲ ತಿಳಿದ ಮೇಲೆ ಚಿತ್ರದ ಪ್ರತಿ ಹೂವು, ಪ್ರತಿ ಪಾತ್ರೆಯಲ್ಲೂ ಗೂಢಾರ್ಥ ಹುಡುಕುವ ಚಟ ಹತ್ತುತ್ತದೆ. ನನಗೂ ಹತ್ತಿತ್ತು. ನಾನು ಈಗ ನೋಡುವ ಕ್ರಮ ಬೇರೆ. ಮೊದಲು ಚಿತ್ರದಲ್ಲೇ ಬರಹ ಇದೆಯಾ ನೋಡುತ್ತೇನೆ, ಸುರುಳಿಯಲ್ಲಿ, ಚೌಕಟ್ಟಿನಲ್ಲಿ, ಬಟ್ಟೆಯ ಅಂಚಿನಲ್ಲಿ. ಆಮೇಲೆ ಪಕ್ಕದಲ್ಲಿ ಯಾವ ಕತೆ ಇಟ್ಟಿದ್ದಾರೆ ನೋಡುತ್ತೇನೆ. ಆ ಹಬ್ಬದ ದಿನ ಚರ್ಚಿನಲ್ಲಿ ಯಾವ ಪಾಠ ಓದುತ್ತಿದ್ದರು ಎಂದು ಹುಡುಕುತ್ತೇನೆ. ಈ ಮೂರರಲ್ಲಿ ಎಲ್ಲೂ ಸಿಗದಿದ್ದರೆ, ಪಾತ್ರೆ ಬರೀ ಪಾತ್ರೆಯೇ ಇರಬಹುದು ಎಂದು ಬಿಟ್ಟುಬಿಡುತ್ತೇನೆ.

ಕಡೆಗೆ ನಿಮ್ಮ ಎರಡನೇ ಪ್ರಶ್ನೆ. ತೆಗೆಯಬೇಡಿ. 1223ರ ಕ್ರಿಸ್ಮಸ್‌ನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಊರಿನಲ್ಲಿ ಗೋದಲಿ ಮಾಡಿಸಿದಾಗ ತರಿಸಿದ್ದು ಹುಲ್ಲು, ಜೀವಂತ ಎತ್ತು, ಜೀವಂತ ಕತ್ತೆ. ನಿಮ್ಮ ಚರ್ಚಿನಲ್ಲಿ ಕಟ್ಟುವುದು ಅದರದೇ ಮುಂದುವರಿಕೆ. ಮುಂದಿನ ಡಿಸೆಂಬರಿನಲ್ಲಿ ಮಗಳ ಕೈಯಲ್ಲೇ ಒಂದು ಚೀಟಿಯ ಮೇಲೆ 'ಯೆಶಾಯ 1:3' ಎಂದು ಬರೆಸಿ ಎತ್ತಿನ ಕಾಲ ಬಳಿ ಇಡಿ. ಮತ್ತೆ ಎರಡೂ ಪ್ರಾಣಿಗಳ ಮುಖ ಮಗುವಿನ ಕಡೆಗೇ ತಿರುಗಿರಲಿ.